ವರ್ಷಾ ವರ್ಷ ಗೊಬ್ಬರ ಹಾಕಿದರೂ ಸಾವಯವ ಇಂಗಾಲ ಏರುತ್ತಿಲ್ಲ, ಏಕೆ?

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನು. ಮಳೆಗಾಲದಲ್ಲಿ ರಾಗಿ, ಒಂದು ಪಕ್ಕಕ್ಕೆ ತೆಂಗು. ವರ್ಷಾ ವರ್ಷ ಎಕರೆಗೆ ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟಿಗೆ ಗೊಬ್ಬರ ಹೊಡೆಯುತ್ತೇವೆ. ಆದರೂ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಹಿಂದೆ ಶೇ. 0.40 ಇದ್ದದ್ದು ಈಗ 0.38 ಅಂತ ಬಂದಿದೆ. ಹಾಕಿದ ಗೊಬ್ಬರದ ಇಂಗಾಲ ಎಲ್ಲಿಗೆ ಹೋಗುತ್ತದೆ? ಮಣ್ಣೇ ತಾನಾಗಿ ಅದನ್ನು ಗಾಳಿಗೆ ಬಿಡುವುದಾದರೆ ನಾವು ತೆಂಗಿನ ಗರಿ, ಸಿಪ್ಪೆ ಸುಟ್ಟರೆ ತಪ್ಪೇನು? ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ ಎಂದು ಕೆಲವರು ಊರಿಗೆ ಬಂದಿದ್ದಾರೆ. ಸಹಿ ಹಾಕಬಹುದೇ?

ಉತ್ತರ: ಮೊದಲು ಸಮಾಧಾನದ ಮಾತು. 0.40 ಮತ್ತು 0.38ರ ನಡುವೆ ವ್ಯತ್ಯಾಸವೇ ಇಲ್ಲ ಎಂದು ತಿಳಿಯಿರಿ. ಒಂದೇ ಹೊಲದಲ್ಲಿ ಹತ್ತು ಹೆಜ್ಜೆ ಆಚೀಚೆ ಮಣ್ಣು ತೆಗೆದರೂ ಅಷ್ಟು ಏರುಪೇರು ಬರುತ್ತದೆ. ನಿಮ್ಮ ಮಣ್ಣಿನ ಇಂಗಾಲ ಇಳಿದಿಲ್ಲ, ನಿಂತಿದೆ. ಏಕೆ ನಿಂತಿದೆ ಎಂಬುದಕ್ಕೆ ನಿಮ್ಮ ಎಕರೆಯ ಲೆಕ್ಕವನ್ನೇ ಹಾಕಿ ನೋಡೋಣ.

ಒಂದು ಎಕರೆ ಎಂದರೆ 4,047 ಚದರ ಮೀಟರ್. ಪರೀಕ್ಷೆಗೆ ತೆಗೆಯುವುದು ಮೇಲಿನ 15 ಸೆಂ.ಮೀ. ಮಣ್ಣು, ಅಂದರೆ ಸುಮಾರು 607 ಘನ ಮೀಟರ್. ಕೆಂಪು ಗೋಡು ಮಣ್ಣು ಘನ ಮೀಟರಿಗೆ 1.4 ಟನ್ ತೂಗುತ್ತದೆ ಎಂದಿಟ್ಟುಕೊಂಡರೆ ಒಟ್ಟು 850 ಟನ್ ಮಣ್ಣು. ಅದರಲ್ಲಿ ಶೇ. 0.38 ಎಂದರೆ 3.2 ಟನ್ ಇಂಗಾಲ. ಇದು ನಿಮ್ಮ ದಾಸ್ತಾನು.

ನಮ್ಮ ಬಿಸಿಲುಸೀಮೆಯ ಉಳುವ ಹೊಲಗಳಲ್ಲಿ ಈ ದಾಸ್ತಾನಿನ ನೂರಕ್ಕೆ 2ರಿಂದ 4 ಭಾಗವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಪ್ರತಿ ವರ್ಷ ತಿಂದು ಉಸಿರಾಡಿ ಮುಗಿಸುತ್ತವೆ. ನಡುವಿನ ಅಂಕಿ ಹಿಡಿದರೆ ವರ್ಷಕ್ಕೆ ಸುಮಾರು 100 ಕೆ.ಜಿ. ಇಂಗಾಲ. ಅದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ.

ಇನ್ನು ಒಳಗೆ ಬರುವುದು. ಟ್ರ್ಯಾಕ್ಟರ್ ಲೋಡಿನಲ್ಲಿ ಸುಮಾರು 2.5 ಟನ್ ಹಸಿ ಗೊಬ್ಬರ ಇರಬಹುದು. ಅರ್ಧ ನೀರು. ಉಳಿದ ಒಣ ಭಾಗದಲ್ಲಿ, ಬಯಲಿನ ತಿಪ್ಪೆಯದಾದರೆ, ಮಣ್ಣು ಬೂದಿ ಬೆರೆತಿರುವುದರಿಂದ ಇಂಗಾಲ ಶೇ. 20 ಸಿಕ್ಕರೆ ಹೆಚ್ಚು. ಅಂದರೆ 250 ಕೆ.ಜಿ. ಇದರಲ್ಲಿ ಒಂದೆರಡು ವರ್ಷ ಕಳೆದ ಮೇಲೆ ಮಣ್ಣಿನಲ್ಲಿ ನಿಲ್ಲುವುದು ಕಾಲು ಭಾಗಕ್ಕಿಂತ ಕಡಿಮೆ, 60 ಕೆ.ಜಿ. ಎನ್ನಿ. ರಾಗಿಯ ಹುಲ್ಲು ದನಕ್ಕೆ ಹೋಗುತ್ತದೆ. ಹೊಲದಲ್ಲಿ ಉಳಿಯುವ ಬೇರು ಮತ್ತು ಕೂಳೆ ಒಣತೂಕದಲ್ಲಿ 500 ಕೆ.ಜಿ. ಆದರೆ ಅದರ ಇಂಗಾಲ 200 ಕೆ.ಜಿ., ಅದರಲ್ಲಿ ನಿಲ್ಲುವುದು 40. ಎರಡೂ ಸೇರಿ 100.

ಬರುವುದು ನೂರು, ಹೋಗುವುದು ನೂರು. ಕೆರೆಗೆ ಹರಿದು ಬರುವಷ್ಟೇ ನೀರು ತೂಬಿನಿಂದ ಹೊರಹೋಗುತ್ತಿದ್ದರೆ ಮಟ್ಟ ನಿಂತಲ್ಲೇ ನಿಲ್ಲುತ್ತದಲ್ಲ, ಹಾಗೆ. ನೀವು ಗೊಬ್ಬರ ನಿಲ್ಲಿಸಿದ್ದರೆ ಚೀಟಿಯ ಅಂಕಿ ಈ ಹೊತ್ತಿಗೆ ಕುಸಿದಿರುತ್ತಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಗಿಯ ಮೇಲೆ ದಶಕಗಳಿಂದ ನಡೆದಿರುವ ದೀರ್ಘಾವಧಿ ಪ್ರಯೋಗಗಳೂ ಇದನ್ನೇ ತೋರಿಸಿವೆ: ಏನೂ ಹಾಕದ ತಾಕಿನಲ್ಲಿ ಇಂಗಾಲ ಇಳಿಯುತ್ತ ಹೋಗುತ್ತದೆ, ಕೊಟ್ಟಿಗೆ ಗೊಬ್ಬರವನ್ನೂ ರಸಗೊಬ್ಬರವನ್ನೂ ಸೇರಿಸಿ ಕೊಟ್ಟ ತಾಕಿನಲ್ಲಿ ಉಳಿಯುತ್ತದೆ, ಇಳುವರಿಯೂ ಅಲ್ಲೇ ಹೆಚ್ಚು. ಕೃಷಿ ವಿಶ್ವವಿದ್ಯಾಲಯ ಹೇಳುವ ಪ್ರಮಾಣ ಎಕರೆಗೆ 3ರಿಂದ 4 ಟನ್. ನಿಮ್ಮದು ಅದಕ್ಕಿಂತ ಕಡಿಮೆಯೇ ಇದೆ.

ಗಾಳಿಗೆ ಹೋದ ಇಂಗಾಲ ನಷ್ಟವಾಯಿತೆಂದು ಕೊರಗಬೇಡಿ. ಸೂಕ್ಷ್ಮಜೀವಿಗಳು ಗೊಬ್ಬರ ತಿಂದಾಗಲೇ ಅದರೊಳಗಿನ ಸಾರಜನಕ, ರಂಜಕ, ಗಂಧಕ ಬೆಳೆಗೆ ಸಿಗುವುದು. ಅವು ಸ್ರವಿಸುವ ಅಂಟೇ ಮಣ್ಣಿನ ಕಣಗಳನ್ನು ಹೆಂಟೆಗಟ್ಟಿಸಿ, ಮಳೆನೀರು ಇಂಗಲು ಸಂದು ಮಾಡಿಕೊಡುವುದು. ಕೊಳೆಯದೆ ಬಿದ್ದಿರುವ ಇಂಗಾಲದಿಂದ ರೈತನಿಗೆ ಈ ಕೆಲಸ ಆಗುವುದಿಲ್ಲ.

ನಮ್ಮಲ್ಲಿ ಈ ತೂಬು ಇಷ್ಟು ದೊಡ್ಡದಾಗಿರಲು ಪ್ರಕೃತಿಯ ಪಾಲೂ ಇದೆ, ನಮ್ಮ ಪಾಲೂ ಇದೆ. ಪ್ರಕೃತಿಯ ಪಾಲು ಶಾಖ ಮತ್ತು ತೇವದ್ದು. ತೇವ ಇದ್ದಾಗ ಉಷ್ಣಾಂಶ 10 ಡಿಗ್ರಿ ಏರಿದರೆ ಕೊಳೆಯುವ ವೇಗ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿದ ಮಣ್ಣಿನ ಮೇಲೆ ಭರಣಿಯ ಮಳೆ ಬಿದ್ದೊಡನೆ ಒಂದೆರಡು ದಿನ ಇಂಗಾಲದ ಡೈಆಕ್ಸೈಡ್ ಬುಗ್ಗೆಯಂತೆ ಏಳುತ್ತದೆ. ಒಣಗಿ ಸತ್ತ ಜೀವಿಗಳೂ ಹೆಂಟೆಯೊಳಗೆ ಬಚ್ಚಿಟ್ಟುಕೊಂಡಿದ್ದ ಸಾವಯವ ಪದಾರ್ಥವೂ ಒಮ್ಮೆಲೇ ಬದುಕುಳಿದ ಜೀವಿಗಳ ಬಾಯಿಗೆ ಬೀಳುವುದೇ ಇದಕ್ಕೆ ಕಾರಣ. ಮಳೆ–ಬಿಸಿಲು, ಮಳೆ–ಬಿಸಿಲು ಎಂದು ಆಗಾಗ ಮರುಕಳಿಸುವ ಬಯಲುಸೀಮೆಯಲ್ಲಿ ಈ ಬುಗ್ಗೆ ವರ್ಷಕ್ಕೆ ಹಲವು ಬಾರಿ ಏಳುತ್ತದೆ. ಜೊತೆಗೆ ಮಣ್ಣಿನ ಜಾತಿ. ಸಾವಯವ ಇಂಗಾಲವನ್ನು ನೂರಾರು ವರ್ಷ ಹಿಡಿದಿಡುವುದು ಜೇಡಿಕಣಗಳ ಮೈ. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಆ ಜಾಗ ಕಡಿಮೆ. ಕೊಡಗಿನ ಕಾಫಿ ತೋಟದಲ್ಲಿ ಇಂಗಾಲ ಶೇ. 2 ದಾಟುವುದು ಸಾಮಾನ್ಯ. ಅಲ್ಲಿ ನೆರಳಿದೆ, ತರಗೆಲೆ ಬೀಳುತ್ತದೆ, ಮಣ್ಣು ತಂಪಾಗಿರುತ್ತದೆ, ಉಳುಮೆ ಇಲ್ಲ. ನಿಮ್ಮ ರಾಗಿ ಹೊಲವನ್ನು ಅದರ ಜೊತೆ ಹೋಲಿಸಿ ಬೇಸರಪಡಬೇಡಿ. ನಿಮ್ಮ ಮಟ್ಟಿಗೆ 0.5 ಮುಟ್ಟಿದರೆ ಅದೇ ದೊಡ್ಡದು.

ನಮ್ಮ ಪಾಲಿಗೆ ಬಂದರೆ, ಮೊದಲನೆಯದು ರೋಟವೇಟರ್. ಒಂದೇ ಸುತ್ತಿಗೆ ಹೊಲ ಹಿಟ್ಟಿನಂತಾಗುವುದು ಕಣ್ಣಿಗೆ ಚೆಂದ, ಆದರೆ ಒಡೆಯುವುದು ಇಂಗಾಲವನ್ನು ಕಾಯುತ್ತಿದ್ದ ಹೆಂಟೆಗಳನ್ನೇ. ವರ್ಷಕ್ಕೆ ಮೂರು ನಾಲ್ಕು ಬಾರಿ ಓಡಿಸಿದರೆ ಮೇಲೆ ಧೂಳು, ಕೆಳಗೆ ಗಟ್ಟಿ ಪದರ. ನೀರು ಇಂಗದೆ ಮೇಲ್ಮಣ್ಣು ಹರಿದುಹೋಗುತ್ತದೆ. ಒಂದು ಮಿಲಿಮೀಟರ್ ದಪ್ಪ ಮಣ್ಣು ಕೊಚ್ಚಿ ಹೋಯಿತೆಂದರೆ ಎಕರೆಗೆ 5.7 ಟನ್ ಹೋದಂತೆ. ಅದರ ಜೊತೆ ಸುಮಾರು 22 ಕೆ.ಜಿ. ಇಂಗಾಲ. ಹೋಗುವುದು ಯಾವಾಗಲೂ ಮೇಲಿನ ನುಣುಪಾದ, ಸಾರವಿರುವ ಮಣ್ಣೇ ಆದ್ದರಿಂದ ನಿಜವಾದ ನಷ್ಟ ಇದಕ್ಕಿಂತ ಹೆಚ್ಚು. ಉಳುಮೆಯನ್ನು ಪೂರ್ತಿ ಬಿಟ್ಟರೆ ಇಂಗಾಲ ರಾಶಿರಾಶಿಯಾಗಿ ಕೂಡುತ್ತದೆ ಎಂಬ ಮಾತನ್ನು ನಾನು ಹೇಳುವುದಿಲ್ಲ. ಬಹಳ ಕಡೆ ಆಳದಲ್ಲಿದ್ದದ್ದು ಮೇಲ್ಪದರಕ್ಕೆ ಬರುತ್ತದೆ ಅಷ್ಟೆ, ಒಟ್ಟು ಮೊತ್ತದಲ್ಲಿ ವ್ಯತ್ಯಾಸ ಕಡಿಮೆ. ಕೊಚ್ಚಣೆ ತಗ್ಗುವುದೇ ಅದರ ದೊಡ್ಡ ಲಾಭ. ಮಾಗಿ ಉಳುಮೆ ಒಂದು ಸಲ ಇಳಿಜಾರಿಗೆ ಅಡ್ಡಲಾಗಿ, ಬಿತ್ತನೆಗೆ ಮುಂಚೆ ಕುಂಟೆ ಒಂದು ಸಲ; ಇದಕ್ಕಿಂತ ಹೆಚ್ಚು ರಾಗಿಗೆ ಬೇಕಿಲ್ಲ.

ಎರಡನೆಯದು ಬರಿದಾದ ಹೊಲ. ಕೊಯ್ಲಾದ ಡಿಸೆಂಬರಿನಿಂದ ಮುಂದಿನ ಬಿತ್ತನೆವರೆಗೆ ಆರೇಳು ತಿಂಗಳು ಹೊಲದಲ್ಲಿ ಒಂದು ಹಸಿರೆಲೆಯೂ ಇರುವುದಿಲ್ಲ. ಮಣ್ಣಿನ ಇಂಗಾಲದ ಖರ್ಚು ಮಾತ್ರ ನಡೆದೇ ಇರುತ್ತದೆ.

ಈಗ ಸುಡುವ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ, ಹಲವರು ಎಡವುವುದೂ ಇಲ್ಲೇ. ತೆಂಗಿನ ಗರಿಯಲ್ಲಿರುವ ಇಂಗಾಲ ಒಂದೆರಡು ವರ್ಷದ ಹಿಂದೆ ಗಾಳಿಯಲ್ಲೇ ಇದ್ದದ್ದು. ಮರ ಅದನ್ನು ಹೀರಿತು, ನೀವು ಸುಟ್ಟರೆ ಮರಳಿ ಗಾಳಿಗೆ ಹೋಯಿತು, ಮುಂದಿನ ಗರಿಗೆ ಮರ ಮತ್ತೆ ಹೀರುತ್ತದೆ. ಇದು ಇಂಗಾಲ ಚಕ್ರದ ವೇಗದ ಸುತ್ತು. ಲೋಕದ ಮಟ್ಟದಲ್ಲಿ ಈ ಸುತ್ತು ಬಹಳ ದೊಡ್ಡದು: ನೆಲದ ಸಸ್ಯಗಳು ವರ್ಷಕ್ಕೆ 12,000 ಕೋಟಿ ಟನ್ನಿನಷ್ಟು ಇಂಗಾಲ ಹೀರುತ್ತವೆ, ಉಸಿರಾಟ, ಕೊಳೆತ, ಕಾಡಿನ ಬೆಂಕಿಗಳಲ್ಲಿ ಹೆಚ್ಚೂಕಡಿಮೆ ಅಷ್ಟೂ ಹಿಂದಿರುಗುತ್ತದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಉತ್ತರ ಗೋಳದ ಕಾಡುಗಳು ಚಿಗುರಿ ನಿಂತಾಗ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಆ ಗೆರೆ ಇಳಿಯುತ್ತದೆ, ಎಲೆ ಉದುರಿದಾಗ ಏರುತ್ತದೆ. ಭೂಮಿಯ ಉಸಿರು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಡೀಸೆಲ್, ಕಲ್ಲಿದ್ದಲು, ಪೆಟ್ರೋಲಿನ ಇಂಗಾಲ ಬೇರೆ. ಕೋಟ್ಯಂತರ ವರ್ಷಗಳ ಹಿಂದೆ ನೆಲದಡಿ ಹೂತು, ಸುತ್ತಿನಿಂದ ಹೊರಗೇ ಉಳಿದಿದ್ದ ಇಂಗಾಲ ಅದು. ವರ್ಷಕ್ಕೆ ಸುಮಾರು 1,000 ಕೋಟಿ ಟನ್ನಿನಂತೆ ಅದನ್ನು ಮೇಲೆತ್ತಿ ಸುಡುತ್ತಿದ್ದೇವೆ. 12,000ದ ಮುಂದೆ 1,000 ಯಾವ ಲೆಕ್ಕ ಎನ್ನಿಸಬಹುದು. ಆದರೆ 12,000 ಬಂದು ಹೋಗುವುದು, ಈ 1,000 ಬರುವುದು ಮಾತ್ರ. ಇದರಲ್ಲಿ ಕಾಲು ಭಾಗ ಸಮುದ್ರಕ್ಕೆ ಇಳಿದು ನೀರಿನ ಆಮ್ಲತೆ ಹೆಚ್ಚಿಸುತ್ತಿದೆ, ಇನ್ನೊಂದಿಷ್ಟನ್ನು ಕಾಡು ಮತ್ತು ನೆಲ ಹೀರುತ್ತಿವೆ, ಉಳಿದ ಅರ್ಧದಷ್ಟು ಗಾಳಿಯಲ್ಲೇ ನಿಲ್ಲುತ್ತಿದೆ. ಕೈಗಾರಿಕೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಜ್ವಾಲಾಮುಖಿಗಳನ್ನು ದೂರುವವರಿಗೆ ಒಂದು ಅಂಕಿ ಸಾಕು: ಜಗತ್ತಿನ ಎಲ್ಲ ಜ್ವಾಲಾಮುಖಿಗಳೂ ಸೇರಿ ಬಿಡುವುದು ನಾವು ಬಿಡುವುದರ ನೂರರಲ್ಲಿ ಒಂದು ಭಾಗದಷ್ಟು. ಗಾಳಿಗೆ ಸೇರುತ್ತಿರುವ ಹೊಸ ಇಂಗಾಲ ಎಲ್ಲಿಯದೆಂಬುದಕ್ಕೆ ಗುರುತೂ ಇದೆ. ಕಲ್ಲಿದ್ದಲು, ತೈಲಗಳಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ಪೂರ್ತಿ ಅಳಿದುಹೋಗಿರುತ್ತದೆ. ಅವುಗಳ ಹೊಗೆ ಬೆರೆತಂತೆಲ್ಲ ಗಾಳಿಯ ಇಂಗಾಲದಲ್ಲಿ ಆ ರೂಪದ ಪಾಲು ತೆಳುವಾಗುತ್ತಿರುವುದನ್ನು ಅಳೆದಿದ್ದಾರೆ.

ಆದ್ದರಿಂದ ಗರಿ ಸುಡುವುದು ಡೀಸೆಲ್ ಸುಟ್ಟಂತೆ ಅಲ್ಲ. ಹಾಗೆಂದು ಸರಿಯೂ ಅಲ್ಲ. ಸುಟ್ಟರೆ ಇಂಗಾಲ ಅರ್ಧ ಗಂಟೆಯಲ್ಲಿ ಪೂರ್ತಿ ಹೋಗುತ್ತದೆ. ಮಣ್ಣಿಗೆ ಸೇರಿಸಿದರೆ ಹೋಗುವ ಮುಂಚೆ ಕೆಲಸ ಮಾಡುತ್ತದೆ, ಐದರಲ್ಲಿ ಒಂದು ಭಾಗ ಉಳಿಯುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಸಿಗುವುದು ನಿಜ, ಆದರೆ ಸಾರಜನಕ ಮತ್ತು ಗಂಧಕದ ಬಹುಪಾಲು ಹೊಗೆಯಲ್ಲಿ ಹೋಗಿರುತ್ತದೆ. ಹಸಿ ಸಿಪ್ಪೆ ಹೊಗೆಯಾಡುತ್ತ ಉರಿದರೆ ಮಿಥೇನ್ ಮತ್ತು ಮಸಿಯೂ ಏಳುತ್ತವೆ. ಕಬ್ಬಿನ ರವದಿ ಸುಡುವ ಕಡೆ ಈ ನಷ್ಟ ಇನ್ನೂ ಘೋರ: ಎಕರೆಗೆ 3–4 ಟನ್ ರವದಿ ಎಂದರೆ ಸುಮಾರು 1.5 ಟನ್ ಇಂಗಾಲ. ನಿಮ್ಮ ಆರು ಲೋಡು ಗೊಬ್ಬರದ ಇಂಗಾಲವನ್ನು ಒಂದು ಬೆಂಕಿಕಡ್ಡಿಗೆ ಕೊಟ್ಟಂತೆ.

ಸಿಪ್ಪೆಗೆ ಒಳ್ಳೆಯ ದಾರಿ ಹೂಳುವುದು. ಬುಡದಿಂದ ಸುಮಾರು 2 ಮೀಟರ್ ದೂರದಲ್ಲಿ ಅರ್ಧ ಮೀಟರ್ ಆಳದ ಕಾಲುವೆ ತೆಗೆದು, ಸಿಪ್ಪೆಯ ಒಳಮೈ ಮೇಲಕ್ಕೆ ಬರುವಂತೆ ಪದರ ಪದರವಾಗಿ ಜೋಡಿಸಿ, ನಡುನಡುವೆ ಮಣ್ಣು ಹಾಕಿ ಮುಚ್ಚಿ. ಮಳೆನೀರು ಹೀರಿ ಬೇಸಿಗೆಗೆ ಇಟ್ಟುಕೊಳ್ಳುವ ಅದರ ಗುಣ 5–7 ವರ್ಷ ಇರುತ್ತದೆ. ಗರಿಯನ್ನು ತುಂಡು ಮಾಡಿ ಪಾತಿಗೆ ಹೊದಿಸಿ. ಆದರೆ ಸಿಪ್ಪೆಯ ಪುಡಿಯನ್ನೋ ಮರದ ಹೊಟ್ಟನ್ನೋ ಹಸಿಯಾಗಿಯೇ ರಾಗಿ ಹೊಲಕ್ಕೆ ಬೆರೆಸಬೇಡಿ. ಅದರಲ್ಲಿ ಇಂಗಾಲ ಸಾರಜನಕದ ನೂರು ಪಟ್ಟಿಗೂ ಹೆಚ್ಚಿರಬಹುದು. ಅದನ್ನು ಕೊಳೆಸಲು ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ.

ಇನ್ನು ಅಂಕಿ ಏರಿಸುವ ಮಾತು. ಎಲ್ಲಕ್ಕಿಂತ ಮುಂಚೆ ತಿಪ್ಪೆ ಸರಿಮಾಡಿ, ಇದಕ್ಕೆ ಕಾಸಿನ ಖರ್ಚಿಲ್ಲ. ಬಿಸಿಲಲ್ಲಿ ಹರಡಿಕೊಂಡ ತಿಪ್ಪೆಯಲ್ಲಿ ಸಗಣಿ ಒಣಗಿ ಬೆರಣಿಯಾಗುತ್ತದೆ, ಮೂತ್ರದ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬಿದರೆ ಗಾಳಿಯಾಡದೆ ಮಿಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಶಾಖ ಹಿಡಿಯುವ ಶಕ್ತಿ ಅದೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ನೆರಳಿನಲ್ಲಿ, ನೀರು ನಿಲ್ಲದ ಎತ್ತರದ ಜಾಗ ನೋಡಿ. ಕೊಟ್ಟಿಗೆಯಲ್ಲಿ ದನದ ಕೆಳಗೆ ತರಗು, ರಾಗಿ ಹೊಟ್ಟು ಹರಡಿ ಮೂತ್ರ ಹೀರಿಸಿ, ಅದನ್ನೂ ಸಗಣಿಯನ್ನೂ ಗೇಣುದ್ದದ ಪದರಗಳಾಗಿ ಹಾಕಿ, ಪ್ರತಿ ಪದರಕ್ಕೂ ಎರಡು ಬೆರಳು ದಪ್ಪ ಮಣ್ಣು ಮುಚ್ಚಿ. ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತಿಂಗಳಿಗೊಮ್ಮೆ ಮಗುಚಿ. ಅಷ್ಟೇ ದನಗಳಿಂದ ಲೋಡಿಗೆ ಅರ್ಧ ಲೋಡು ಹೆಚ್ಚು ಸಿಗುತ್ತದೆ, ಸಾರವೂ ಹೆಚ್ಚಿರುತ್ತದೆ. ಹೊಲಕ್ಕೆ ಹೊಡೆದ ಗೊಬ್ಬರವನ್ನು ಗುಪ್ಪೆಗಳಾಗಿ ವಾರಗಟ್ಟಲೆ ಬಿಡಬೇಡಿ. ಹರಡಿದ ದಿನವೇ ಕುಂಟೆ ಹೊಡೆದು ಮುಚ್ಚಿ.

ರಾಗಿಯೊಂದನ್ನೇ ಬಿತ್ತುವ ಬದಲು 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿ. ಈ ಬದಲಾವಣೆ ನನಗೆ ಎಲ್ಲಕ್ಕಿಂತ ಇಷ್ಟ. ರಾಗಿ ಕೊಯ್ದ ಮೇಲೂ ತೊಗರಿ ಜನವರಿವರೆಗೆ ಹಸಿರಾಗಿ ನಿಂತು ಗಾಳಿಯ ಇಂಗಾಲ ಹೀರುತ್ತಿರುತ್ತದೆ, ಎಲೆ ಉದುರಿಸಿ ನೆಲ ಮುಚ್ಚುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಆಳದಲ್ಲಿ ಸೇರಿದ ಇಂಗಾಲ ನೇಗಿಲಿಗೂ ಬಿಸಿಲಿಗೂ ಸಿಗದೆ ಹೆಚ್ಚು ಕಾಲ ಬಾಳುತ್ತದೆ. ಜೊತೆಗೆ ಅದು ಸಾರಜನಕವನ್ನೂ ತರುತ್ತದೆ, ಅದಿಲ್ಲದೆ ಇಂಗಾಲ ನಿಲ್ಲುವುದಿಲ್ಲ. ಮಣ್ಣಿನ ಸ್ಥಿರ ಸಾವಯವ ಪದಾರ್ಥದಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಪ್ರಮಾಣ 10–12ಕ್ಕೆ 1. ಒಂದು ಟನ್ ಇಂಗಾಲ ಕೂಡಿಸಬೇಕಾದರೆ 80–100 ಕೆ.ಜಿ. ಸಾರಜನಕವೂ ಅದರ ಜೊತೆ ಕೂಡಬೇಕು. ಸಾವಯವ ಇಂಗಾಲಕ್ಕಾಗಿ ರಸಗೊಬ್ಬರ ಪೂರ್ತಿ ಬಿಡಬೇಕು ಎಂಬುದೂ ಅರ್ಧಸತ್ಯ. ಬೆಳೆ ಬಡಕಲಾದರೆ ಬೇರೂ ಬಡಕಲು, ಮಣ್ಣಿಗೆ ಇಳಿಯುವ ಇಂಗಾಲವೂ ಕಡಿಮೆ. ಶಿಫಾರಸಿಗಿಂತ ಹೆಚ್ಚು ಮಾತ್ರ ಹಾಕಬೇಡಿ, 45 ಕೆ.ಜಿ. ಯೂರಿಯಾ ಚೀಲ ಹೊಲದಲ್ಲಿ ಕರಗುವಾಗಲೇ 33 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ತಯಾರಿಕೆಯದು ಬೇರೆ.

ಮುಂಗಾರು ಮೊದಲೇ ಹದವಾಗಿ ಬಂದ ವರ್ಷ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ, 45 ದಿನದ ಸುಮಾರಿಗೆ, ಮಣ್ಣಿಗೆ ಸೇರಿಸಿ. ಎಳೆಯ ಹಸಿರು ಬೇಗ ಕರಗುತ್ತದೆ, ಉಳಿಯುವ ಇಂಗಾಲ ಎಕರೆಗೆ 30–50 ಕೆ.ಜಿ. ಇರಬಹುದು, ಅಷ್ಟೆ. ಸಾರಜನಕವೇ ಅದರ ಮುಖ್ಯ ಲಾಭ. ಮಳೆ ಕೈಕೊಟ್ಟ ವರ್ಷ ಈ ಸಾಹಸ ಬೇಡ, ರಾಗಿಗೆ ಬೇಕಾದ ತೇವವನ್ನು ಅದೇ ಕುಡಿದುಬಿಡುತ್ತದೆ. ಹತ್ತಿರದ ಕೆರೆಯ ಹೂಳು ತೆಗೆಯುತ್ತಿದ್ದರೆ ಆ ಗೋಡು ನಿಮ್ಮ ಮರಳುಮಣ್ಣಿಗೆ ವರ. ಇಂಗಾಲ ಹಿಡಿದಿಡುವ ಜೇಡಿ ಸಿಗುತ್ತದೆ. ಹೊಡೆಸುವ ಮುಂಚೆ ಗೋಡಿನ ರಸಸಾರ (ಪಿಎಚ್) ಮತ್ತು ಲವಣ ಪರೀಕ್ಷೆ ಮಾಡಿಸಿ, ರಸಸಾರ 8.5 ಮೀರಿದ್ದರೆ ಬೇಡ.

ಬಳ್ಳಾರಿ ಜಾಲಿ ಹೇರಳವಾಗಿದ್ದರೆ ಅದನ್ನು ಇದ್ದಿಲು ಮಾಡಿ ಮಣ್ಣಿಗೆ ಸೇರಿಸುವುದೂ ಒಂದು ದಾರಿ. ಬಾಯಿ ಅಗಲ, ತಳ ಕಿರಿದಾದ ಗುಂಡಿಯಲ್ಲಿ ಚೆನ್ನಾಗಿ ಒಣಗಿದ ಕಡ್ಡಿಗೆ ಬೆಂಕಿ ಹಚ್ಚಿ, ಮೇಲೆ ಬೂದಿ ಕಾಣುವ ಮುಂಚೆಯೇ ಮುಂದಿನ ಪದರ ಹಾಕುತ್ತ ಹೋಗಬೇಕು. ಮೇಲಿನ ಜ್ವಾಲೆ ಕೆಳಗಿನ ಇದ್ದಿಲಿಗೆ ಗಾಳಿ ತಾಗದಂತೆ ತಡೆಯುತ್ತದೆ. ಗುಂಡಿ ತುಂಬಿದೊಡನೆ ನೀರು ಸುರಿದು ಪೂರ್ತಿ ಆರಿಸಿ. ಒಣಕಡ್ಡಿಯ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಇದ್ದಿಲು ಸಿಗುತ್ತದೆ, ಅದರ ಇಂಗಾಲ ಮಣ್ಣಿನಲ್ಲಿ ನೂರಾರು ವರ್ಷ ಕೊಳೆಯದೆ ಇರುತ್ತದೆ. ಹೊಗೆ ದಟ್ಟವಾಗಿ ಬಂದರೆ ಕಡ್ಡಿ ಹಸಿಯಿದೆ ಎಂದರ್ಥ, ಮಿಥೇನ್ ಹೋಗುತ್ತಿದೆ, ನಿಲ್ಲಿಸಿ. ಬರೀ ಇದ್ದಿಲನ್ನು ಹೊಲಕ್ಕೆ ಎರಚಬೇಡಿ; ಪುಡಿ ಮಾಡಿ ತಿಪ್ಪೆಯಲ್ಲಿ ಎರಡು ತಿಂಗಳು ಬೆರೆಸಿಟ್ಟು ಗೊಬ್ಬರದ ಜೊತೆ ಹಾಕಿ. ಅದು ಕ್ಷಾರಗುಣದ್ದಾದ್ದರಿಂದ ಹುಳಿಮಣ್ಣಿಗೆ ಒಳ್ಳೆಯದು, ರಸಸಾರ 8 ದಾಟಿದ ಎರೆ ಭೂಮಿಗೆ ಅಲ್ಲ.

ತಿಪ್ಪೆಯಿಂದ 40, ತೊಗರಿಯಿಂದ 50, ಆಗಾಗ ಸೆಣಬಿನಿಂದ ಒಂದಿಷ್ಟು: ವರ್ಷಕ್ಕೆ 100 ಕೆ.ಜಿ. ಹೆಚ್ಚುವರಿ ಇಂಗಾಲ ನಿಲ್ಲಿಸಿದಿರಿ ಎನ್ನೋಣ. 0.38ರಿಂದ 0.50ಕ್ಕೆ ಹೋಗಲು ಬೇಕಾದದ್ದು ಎಕರೆಗೆ 1 ಟನ್. ದಾಸ್ತಾನು ಏರಿದಂತೆ ಖರ್ಚೂ ಏರುವುದರಿಂದ ಹತ್ತು ವರ್ಷವಲ್ಲ, ಹನ್ನೆರಡು ವರ್ಷ ಹಿಡಿಯುತ್ತದೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1843ರಿಂದ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಹಾಕುತ್ತಿರುವ ಗೋಧಿ ತಾಕಿನಲ್ಲೂ ಇಂಗಾಲ ನಿಲುಗಡೆಗೆ ಬರಲು ನೂರು ವರ್ಷ ದಾಟಿತು. ಎರಡೇ ವರ್ಷದಲ್ಲಿ ಇಂಗಾಲ ದುಪ್ಪಟ್ಟು ಎಂದು ಬಾಟಲಿ ದ್ರಾವಣ ಮಾರಲು ಬರುವವರಿಗೆ ಈ ಲೆಕ್ಕ ತೋರಿಸಿ. ಲೀಟರ್ ದ್ರಾವಣದಲ್ಲಿ ಟನ್ನಿನಷ್ಟು ಇಂಗಾಲ ಇರಲು ಸಾಧ್ಯವಿಲ್ಲ.

ಪರೀಕ್ಷೆಯಲ್ಲಿ ಎಚ್ಚರ ಇರಲಿ. ಕೊಯ್ಲಾದ ಮೇಲೆ, ಗೊಬ್ಬರ ಹೊಡೆಯುವ ಮುಂಚೆ, ಪ್ರತಿ ಸಲವೂ ಅದೇ ತಿಂಗಳಲ್ಲಿ ಮಣ್ಣು ತೆಗೆಯಿರಿ. ಬದು, ತೆಂಗಿನ ಬುಡ, ಗೊಬ್ಬರ ಗುಪ್ಪೆ ಇದ್ದ ಜಾಗ ಬಿಟ್ಟು, ಅಂಕುಡೊಂಕಾಗಿ ನಡೆದು 10–15 ಕಡೆ 15 ಸೆಂ.ಮೀ. ಆಳದ ಗುಳಿ ತೆಗೆದು, ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಸಮನಾದ ಚಕ್ಕೆ ಕೆತ್ತಿ, ಬೆರೆಸಿ, ಅರ್ಧ ಕೆ.ಜಿ. ಉಳಿಸಿ ನೆರಳಲ್ಲಿ ಒಣಗಿಸಿ. ಪ್ರಯೋಗಾಲಯದವರನ್ನು ಒಂದು ಪ್ರಶ್ನೆ ಕೇಳಿ. ನಮ್ಮಲ್ಲಿ ಬಳಸುವುದು ಡೈಕ್ರೋಮೇಟ್ ಮತ್ತು ಗಂಧಕಾಮ್ಲದ ವಾಕ್ಲಿ–ಬ್ಲ್ಯಾಕ್ ವಿಧಾನ, 1934ರದ್ದು. ಅದು ಮಣ್ಣಿನ ಸಾವಯವ ಇಂಗಾಲದ ಮುಕ್ಕಾಲು ಭಾಗವನ್ನಷ್ಟೇ ಹಿಡಿಯುತ್ತದೆ. ಕೆಲವರು ಫಲಿತಾಂಶವನ್ನು 1.3ರಿಂದ ಗುಣಿಸಿ ಬರೆಯುತ್ತಾರೆ, ಕೆಲವರು ಇಲ್ಲ. ನಿಮ್ಮ 0.38 ಇನ್ನೊಂದು ಕಡೆ 0.49 ಆಗಬಹುದು. ಒಂದೇ ಪ್ರಯೋಗಾಲಯ, ಮೂರು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ, ಅಷ್ಟು ಸಾಕು.

ಕೊನೆಗೆ ಕ್ರೆಡಿಟ್. ಶೇ. 0.1 ಏರಿದರೆ ಎಕರೆಗೆ 0.85 ಟನ್ ಇಂಗಾಲ, ಅಂದರೆ 3.1 ಟನ್ ಇಂಗಾಲದ ಡೈಆಕ್ಸೈಡ್. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಹೋಗದಂತೆ ಹಿಡಿದಿಟ್ಟ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಿಗುವ, ಮಾರಬಹುದಾದ ಪತ್ರ. ಟನ್ನಿಗೆ ಸಾವಿರ ರೂಪಾಯಿ ಎಂದೇ ಇಟ್ಟುಕೊಂಡರೂ ಎರಡು ಎಕರೆಗೆ ಹತ್ತು ವರ್ಷದಲ್ಲಿ ಆರು ಸಾವಿರ ಚಿಲ್ಲರೆ, ಅದರಲ್ಲಿ ಮಣ್ಣು ಪರೀಕ್ಷೆ, ಪರಿಶೀಲನೆ, ಮಧ್ಯವರ್ತಿಯ ಪಾಲು ಕಳೆಯಬೇಕು. ಹಣದ ಆಸೆಗೆ ಸಹಿ ಹಾಕುವಷ್ಟು ಮೊತ್ತ ಇದಲ್ಲ. ಹಾಕುವುದಾದರೆ ಕರಾರಿನಲ್ಲಿ ಇಷ್ಟು ನೋಡಿ: ಎಷ್ಟು ವರ್ಷದ ಬದ್ಧತೆ, ಇಂಗಾಲವನ್ನು ನಿಮ್ಮ ಹೊಲದಲ್ಲೇ ಅಳೆಯುತ್ತಾರೋ ಅಂದಾಜಿನ ಮೇಲೆ ಹೇಳುತ್ತಾರೋ, ಬೆಲೆ ಇಳಿದರೆ ನಷ್ಟ ಯಾರದು, ಬರ ಬಂದು ಅಂಕಿ ಇಳಿದರೆ ಹಣ ವಾಪಸ್ ಕೇಳುತ್ತಾರೋ, ನಡುವೆ ಬೆಳೆ ಬದಲಿಸಲು ಅಥವಾ ಜಮೀನು ಮಾರಲು ಅಡ್ಡಿಯಿದೆಯೋ. ಕರಾರು ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡದಲ್ಲಿ ಕೇಳಿ ಪಡೆಯಿರಿ. ಪಹಣಿಯ ಪ್ರತಿಯನ್ನಾಗಲಿ ಆಧಾರ್ ಪ್ರತಿಯನ್ನಾಗಲಿ ಅದಕ್ಕೆ ಮೊದಲು ಕೊಡಬೇಡಿ.